ಖಾಲಿ ಜಾಗ ಎಲ್ಲಿದೆ ಸ್ವಾಮಿ?

ಜೂನ್ ಅರ್ಧ ಕಳೆದು ಮಳೆ ಹದಕ್ಕೆ ಬಂತೆಂದರೆ ನನ್ನ ಮೊಬೈಲಿಗೆ ಬಿಡುವಿಲ್ಲ. "ಸರ್, ಸಂಘದಿಂದ ಸಾವಿರ ಗಿಡ ನೆಡಬೇಕೆಂದಿದ್ದೇವೆ. ಊರ ಬೇಣ ಖಾಲಿ ಬಿದ್ದಿದೆ. ಬೇಗ ಬೆಳೆಯುವ ಜಾತಿ ಯಾವುದು ಹೇಳಿ." ಶಿರಸಿ, ಕುಮಟಾ ಸುತ್ತ ಕಾಡು ಚೇತರಿಸುವ ಕೆಲಸಕ್ಕೆ ಸಲಹೆ ಕೊಡುತ್ತ ಇಪ್ಪತ್ತೆರಡು ವರ್ಷವಾಯಿತು. ಮಾತು ಬದಲಾಗಿಲ್ಲ. ಮೊದಲು "ಹಸಿರಿಗಾಗಿ" ಎನ್ನುತ್ತಿದ್ದರು, ಈಗ ಗಾಳಿಯ ಇಂಗಾಲ ಹೀರಿಸಲು, "ಕಾರ್ಬನ್‌ಗಾಗಿ" ಎನ್ನುತ್ತಾರೆ, ಅಷ್ಟೇ.

ಬೇಣ ಖಾಲಿ ಜಾಗವಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೌದು ಹೌದೆಂದು ತಲೆಯಾಡಿಸಿ ಹೋದವರೇ ಮರುವಾರ ಗುಂಡಿ ತೋಡಿಸಿರುತ್ತಾರೆ. ಬೇಣವೆಂದರೆ ಹುಲ್ಲು. ಮಳೆಗಾಲ ಮುಗಿದ ಮೇಲೆ ಕರಡ, ಅಂದರೆ ಒಣಹುಲ್ಲು, ಕೊಯ್ದು ಕೊಟ್ಟಿಗೆಯ ಅಟ್ಟಕ್ಕೆ ಏರಿಸುವ ಜಾಗ. ಟಿಟ್ಟಿಭ ಹಕ್ಕಿ ನೆಲದ ಮೇಲೆಯೇ ಮೊಟ್ಟೆಯಿಡುವ ಜಾಗ. ಹುಲ್ಲಿನ ಗಳಿಕೆ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅದು ಕೂಡಿಟ್ಟ ಇಂಗಾಲದ ಬಹುಪಾಲು ಬೇರಿನಲ್ಲಿ, ಮಣ್ಣಿನಲ್ಲಿ ಇರುತ್ತದೆ. ಜೆಸಿಬಿ ತಂದು ಆ ಮಣ್ಣನ್ನು ಮಗುಚಿದರೆ ಕೂಡಿಟ್ಟದ್ದರಲ್ಲಿ ಒಂದಷ್ಟು ಗಾಳಿಗೆ ಹೋಗತೊಡಗುತ್ತದೆ. ಗಿಡ ನೆಟ್ಟು ಉಳಿಸಲು ಹೊರಟಿದ್ದನ್ನು ಗುಂಡಿ ತೆಗೆದೇ ಕಳೆಯುವುದು ಎಂದರೆ ಇದು.

ಒಮ್ಮೆ ಕಂಪನಿಯೊಂದರ ಪ್ರತಿನಿಧಿಯನ್ನು ಆಗಸ್ಟ್‌ನಲ್ಲಿ ಹೊನ್ನಾವರ ಕಡೆಯ ಚಿರೆಕಲ್ಲಿನ ಬೋಳು ಗುಡ್ಡಕ್ಕೆ ಕರೆದೊಯ್ದೆ. ಬೇಸಿಗೆಯಲ್ಲಿ ಕಾದ ಕಾವಲಿಯಂತಿರುವ ಆ ಕಲ್ಲಿನ ಮೇಲೆ ಆಗ ತೆಳುವಾಗಿ ನೀರು ನಿಂತಿತ್ತು. ನೀರಿನಿಂದ ಬೆರಳುದ್ದದ ಕಾಂಡ, ತುದಿಯಲ್ಲಿ ನೇರಳೆ ಹೂ. ಮೊಣಕಾಲೂರಿ, ಬುಡದಲ್ಲಿ ಸಾಸಿವೆಗಿಂತ ಚಿಕ್ಕ ಚೀಲಗಳನ್ನು ಭೂತಗನ್ನಡಿಯಲ್ಲಿ ತೋರಿಸಿದೆ. ಸಾರವಿಲ್ಲದ ನೆಲದಲ್ಲಿ ಆ ಗಿಡ ನೀರಿನ ಹುಳುಗಳನ್ನು ಆ ಚೀಲದಲ್ಲಿ ಹಿಡಿದು ಹೊಟ್ಟೆ ಹೊರೆಯುತ್ತದೆ. ಅವರು ಬಹಳ ಹೊತ್ತು ನೋಡಿದರು. ಎದ್ದು ಪ್ಯಾಂಟು ಒರೆಸಿಕೊಳ್ಳುತ್ತ, "ಇದಕ್ಕೆ ಕಾರ್ಬನ್ ಎಷ್ಟು ಲೆಕ್ಕ ಸಿಗುತ್ತದೆ?" ಎಂದರು. ಸಿಟ್ಟು ಬರಲಿಲ್ಲ. ಅವರ ಕೈಯಲ್ಲಿದ್ದ ಅರ್ಜಿಯಲ್ಲಿ ಹೂವಿಗೆ ಕಾಲಂ ಇರಲಿಲ್ಲ, ಪಾಪ.

ಬೇಗ ಬೆಳೆಯುವ ಜಾತಿ ಎಂದರೆ ನಮ್ಮಲ್ಲಿ ಅಕೇಶಿಯಾ. ಬೋಳು ಗುಡ್ಡದಲ್ಲೂ ಏಳುತ್ತದೆ, ಸೌದೆಗಾಗುತ್ತದೆ, ಒಪ್ಪೋಣ. ಆದರೆ ದನ ಬಾಯಿ ಹಾಕುವುದಿಲ್ಲ, ಉದುರಿದ ದರಕೆಲೆ ಬೇಗ ಕೊಳೆಯುವುದಿಲ್ಲ, ಅಡಿಯಲ್ಲಿ ಹುಲ್ಲು ಏಳುವುದಿಲ್ಲ. ಹವಾಮಾನದ ಐಪಿಸಿಸಿ ಮತ್ತು ಜೀವವೈವಿಧ್ಯದ ಐಪಿಬಿಇಎಸ್ ಎಂಬ ಎರಡು ಜಾಗತಿಕ ವಿಜ್ಞಾನ ವೇದಿಕೆಗಳು 2021ರಲ್ಲಿ ಮೊದಲ ಬಾರಿ ಒಟ್ಟಿಗೆ ಕುಳಿತು ಎಚ್ಚರಿಸಿದ್ದು ಇದನ್ನೇ: ಕಾಡಲ್ಲದ ನೆಲದಲ್ಲಿ ಕಾಡು ಎಬ್ಬಿಸುವುದು, ಹೊರಗಿನ ಒಂದೇ ಜಾತಿ ತುಂಬುವುದು ಜೀವಜಾಲಕ್ಕೆ ಪೆಟ್ಟು. 1983ರ ಸೆಪ್ಟೆಂಬರ್ 8ರಂದು ಕಾಡು ಕಡಿಯದಂತೆ ತಡೆಯಲು ಅಪ್ಪಿಕೋ ಎಂದು ಮರ ತಬ್ಬಿದ, ಶಿರಸಿ ಬಳಿಯ ಸಾಲ್ಕಣಿ ಸುತ್ತಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಸದಾ ಹಸಿರಾದ ದಟ್ಟ ಕಾನು ಬೇರೆ, ಸಾಗುವಾನಿ ತೋಪು ಬೇರೆ ಎಂಬುದು ಅವರಿಗೆ ಗೊತ್ತಿತ್ತು. ಅವರ ಮೊಮ್ಮಕ್ಕಳೇ ಈಗ ನನಗೆ ಫೋನ್ ಮಾಡುವವರು.

ಕರಾವಳಿಯಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಕಥೆಯೂ ಇಷ್ಟೇ. ಕಾಂಡ್ಲಾ ಬೇಕು, ನಾನೂ ನೆಡಿಸಿದ್ದೇನೆ. ಆದರೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ, ಇಳಿತಕ್ಕೆ ತೆರೆದುಕೊಳ್ಳುವ ದಿಬ್ಬದಲ್ಲೆಲ್ಲ ನೆಟ್ಟರೆ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವವರು ಎಲ್ಲಿಗೆ ಹೋಗಬೇಕು?

ಗಿಡವೇ ಬೇಡ ಎನ್ನುತ್ತಿಲ್ಲ. ಸ್ಥಳ ನೋಡದೆ ಖಚಿತವಾಗಿ ಏನನ್ನೂ ಹೇಳಲಾರೆ. ಸೊಪ್ಪು ಕಡಿದು ಕಡಿದು ಬೋಳಾದ ಬೆಟ್ಟ (ತೋಟದ ಸೊಪ್ಪಿಗೆಂದು ಬಿಟ್ಟ ಕಾಡು) ಇದ್ದರೆ ಮೊದಲು ಮೂರು ವರ್ಷ ಬೇಲಿ ಹಾಕಿ, ಬೆಂಕಿ ಬೀಳದಂತೆ ಕಾಯಿರಿ. ಬುಡ ಉಳಿದಿದ್ದರೆ ಮತ್ತಿ, ಕವಲು ಮರಗಳು ತಾವೇ ಚಿಗುರುತ್ತವೆ. ತೆರವಿದ್ದಲ್ಲಿ ಉಪ್ಪಾಗೆ, ಮುರುಗಲು ನೆಡಿ.

ಆಮೇಲೆ ನಾನು ಕೇಳುವ ಪ್ರಶ್ನೆಗೆ ಸಭೆಯೇ ತಣ್ಣಗಾಗುತ್ತದೆ: ನಿಮ್ಮ ಬಚ್ಚಲ ಒಲೆಗೆ, ಅಡಿಕೆ ಬೇಯಿಸುವ ಒಲೆಗೆ ವರ್ಷಕ್ಕೆ ಎಷ್ಟು ಸೌದೆ? ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಪಡೆದ ಸೀಮೆ ನಮ್ಮದು. ಲೆಕ್ಕ ಇಟ್ಟವರು ಕಡಿಮೆ. ಸೌದೆಗೆ ಮೊದಲು ಹೋಗುವುದು ನಿಂತ ಒಣಮರ. ಮರಕುಟಿಗ ತೂತು ಕೊರೆಯುವುದೂ ಅದರಲ್ಲೇ, ಆ ತೂತಿಗೆ ಆಮೇಲೆ ಗಿಳಿ ಸೇರುವುದೂ ಅದರಲ್ಲೇ. ಸೌದೆ ಕಡಿಮೆ ಬೇಡುವ ಒಲೆ ಹಾಕಿಸಿದರೆ ಹೊಗೆಯೂ ಇಳಿಯುತ್ತದೆ, ಒಣಮರವೂ ನಿಲ್ಲುತ್ತದೆ. ಹವೆ ಬೇರೆ, ಹಕ್ಕಿ ಬೇರೆ ಎಂದು ಎರಡು ಸಮಿತಿ ಮಾಡಬೇಕಾಗಿಲ್ಲ.

ಕಳೆದ ವರ್ಷ ಒಂದು ಸಂಘದವರು ಇದಕ್ಕೆ ಒಪ್ಪಿದರು. ಸಾವಿರ ಗಿಡದ ಹಣದಲ್ಲಿ ಹನ್ನೆರಡು ಮನೆಗೆ ಒಲೆ ಎಂದು ನಿರ್ಣಯವೂ ಆಯಿತು. ರಾತ್ರಿ ಕಾರ್ಯದರ್ಶಿ ಫೋನ್ ಮಾಡಿದರು. "ಎಲ್ಲ ಸರಿ ಸರ್, ಆದರೆ ಉದ್ಘಾಟನೆಯ ಫೋಟೋ ಎಲ್ಲಿ ತೆಗೆಸುವುದು?"

ಬಚ್ಚಲಲ್ಲಿ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ.