ಏರುವುದು ಎದೆಯ ಕೆಲಸ, ಇಳಿಯುವುದು ತೊಡೆಯ ಕೆಲಸ

ಯುಗಾದಿ ಹತ್ತಿರ ಬಂತೆಂದರೆ ಬಾಗಲಕೋಟೆ, ವಿಜಯಪುರ ಕಡೆಯ ರಸ್ತೆಗಳಲ್ಲಿ ಶ್ರೀಶೈಲ ಮಲ್ಲಯ್ಯನ ಪಾದಯಾತ್ರೆಯವರು ಕಾಣಿಸತೊಡಗುತ್ತಾರೆ. ಕೆಲವರ ಹೆಗಲ ಮೇಲೆ ಕಂಬಿ, ಕೆಲವರು ಮರಗಾಲು ಕಟ್ಟಿಕೊಂಡವರು. ಅವರಲ್ಲಿ ಅರವತ್ತು ದಾಟಿದವರು ಕಡಿಮೆಯೇನೂ ಇರುವುದಿಲ್ಲ. ಮುಂದಿನ ಯುಗಾದಿಗೆ ನಮ್ಮ ಅಪ್ಪನೂ ಹೊರಡುತ್ತಾರೆ. ವಯಸ್ಸು 68. ಊರಿನಿಂದಲೇ ನಡೆಯುವ ಹಟ ಬಿಡಿಸಿ, ವೆಂಕಟಾಪುರದವರೆಗೆ ಗಾಡಿ, ಅಲ್ಲಿಂದ ನಲ್ಲಮಲ ಕಾಡಿನ ಹಾದಿ ಮಾತ್ರ ನಡಿಗೆ ಎಂದು ಮನೆಯವರೆಲ್ಲ ಸೇರಿ ಒಪ್ಪಿಸಿದ್ದೇವೆ. ಜೊತೆಗೆ ನಾನು.

ದೂರ ಕಡಿಮೆ ಆಯಿತು ಎಂದು ಹಾದಿ ಹಗುರವಾಯಿತು ಅಂದುಕೊಳ್ಳಬೇಡಿ. ಡಾಂಬರು ರಸ್ತೆಯಲ್ಲಿ ನಡೆಯುವುದಕ್ಕೆ ತಾಳ್ಮೆ ಸಾಕು. ನಾಗಲೂಟಿ ದಾಟಿದ ಮೇಲೆ ಬರುವುದು ಕಲ್ಲು, ಏರು, ಇಳಿಜಾರು. ಕೊನೆಗೆ ಭೀಮನ ಕೊಳ್ಳ. ಅಲ್ಲಿ ಹಾದಿ ಕಣಿವೆಯ ತಳಕ್ಕೆ ಇಳಿಯುತ್ತದೆ, ಮತ್ತೆ ಮೆಟ್ಟಿಲು ಹಿಡಿದು ಕೈಲಾಸ ದ್ವಾರಕ್ಕೆ ಏರುತ್ತದೆ.

ವಿಷಯ ಗೊತ್ತಾದವರೆಲ್ಲ ಸಲಹೆ ಕೊಡುತ್ತಿದ್ದಾರೆ. ಎಲ್ಲರದೂ ಒಂದೇ ಮಾತು: ದಮ್ಮು ಬರುತ್ತದೆ, ಈಗಿನಿಂದಲೇ ಗುಡ್ಡ ಹತ್ತಿಸು. ಇಳಿಯುವುದರ ಬಗ್ಗೆ ಒಬ್ಬರೂ ಬಾಯಿ ಬಿಡುವುದಿಲ್ಲ. ಅಪ್ಪನಂತೂ, "ಹತ್ತೋದಷ್ಟ ತ್ರಾಸು ತಮ್ಮಾ, ಇಳಿಯೋದೇನೈತಿ? ಕಾಲು ತಾವ ಹೋಗ್ತಾವ" ಅಂದುಬಿಟ್ಟರು. ಈ "ತಾವ ಹೋಗ್ತಾವ" ಅನ್ನುವ ನಂಬಿಕೆಯ ಮೇಲೇ ನನಗೆ ಸಿಟ್ಟು. ಇಳಿಜಾರಿನಲ್ಲಿ ಕಾಲು ತಾನಾಗಿ ಹೋದರೆ ಮನುಷ್ಯ ಉರುಳಿ ಬೀಳುತ್ತಾನೆ. ಬೀಳದೆ ಇಳಿಯುತ್ತಿದ್ದಾನೆ ಎಂದರೆ ಯಾವುದೋ ಸ್ನಾಯು ಪ್ರತಿ ಹೆಜ್ಜೆಗೂ ತಡೆ ಹಿಡಿಯುತ್ತಿದೆ ಎಂದರ್ಥ.

ಆ ಸ್ನಾಯು ತೊಡೆಯ ಮುಂಭಾಗದಲ್ಲಿದೆ. ಮೆಟ್ಟಿಲು ಹತ್ತುವಾಗ ಅದು ಗಿಡ್ಡವಾಗುತ್ತಾ ಮಂಡಿಯನ್ನು ನೆಟ್ಟಗೆ ಮಾಡಿ ದೇಹವನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದವಾಗುತ್ತದೆ. ಬಾವಿಯಿಂದ ತುಂಬಿದ ಕೊಡ ಸೇದಿದವರಿಗೆ ಈ ವ್ಯತ್ಯಾಸ ಅಂಗೈಯಲ್ಲೇ ಗೊತ್ತಿರುತ್ತದೆ. ಕೊಡ ಮೇಲೆಳೆಯುವಾಗ ಏದುಸಿರು ಬರುತ್ತದೆ. ಅದೇ ತುಂಬಿದ ಕೊಡವನ್ನು ನಿಧಾನಕ್ಕೆ ಹಗ್ಗ ಬಿಡುತ್ತಾ ಕೆಳಗಿಳಿಸಿ ನೋಡಿ. ಉಸಿರಿಗೆ ಏನೂ ಆಗುವುದಿಲ್ಲ, ಅಂಗೈ ಮಾತ್ರ ಸುಟ್ಟು ಹೋಗುತ್ತದೆ. ಹಿಡಿತ ಸಡಿಲ ಬಿಟ್ಟರೆ ಕೊಡ ದಬ್ಬನೆ ಬೀಳುತ್ತದೆ, ಪೂರ್ತಿ ಬಿಗಿದರೆ ಇಳಿಯುವುದೇ ಇಲ್ಲ. ಹಿಡಿದೂ ಬಿಡಬೇಕು, ಬಿಟ್ಟೂ ಹಿಡಿಯಬೇಕು. ತೊಡೆ ಮಾಡುವುದೂ ಇದನ್ನೇ, ಗಂಟೆಗಟ್ಟಲೆ.

ಸ್ನಾಯುವಿನ ಒಳಗೆ ಸಾರ್ಕೋಮಿಯರ್ ಎಂಬ ಅತಿ ಸಣ್ಣ ಘಟಕಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಪ್ರತಿಯೊಂದರಲ್ಲೂ ಮಯೋಸಿನ್ ಎಂಬ ಪ್ರೋಟೀನಿನ ತಲೆಗಳು ಆಕ್ಟಿನ್ ಎಂಬ ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಮುಂದಕ್ಕೆ ಹಿಡಿಯುತ್ತವೆ. ಸ್ವಾರಸ್ಯ ಏನೆಂದರೆ, ಹಿಡಿದದ್ದನ್ನು ಬಿಡುವುದಕ್ಕೂ ಎಟಿಪಿ ಎಂಬ ಇಂಧನ ಬೇಕು. ಹತ್ತುವಾಗ ಹೀಗೆ ಇಂಧನ ಸುರಿದು ಕೆಲಸ ನಡೆಯುತ್ತದೆ, ಅದಕ್ಕೇ ಎದೆ ಹೊಡೆದುಕೊಳ್ಳುತ್ತದೆ. ಇಳಿಯುವಾಗ ದೇಹದ ತೂಕವೇ ಆ ಹಿಡಿತವನ್ನು ಕಿತ್ತು ಬಿಡಿಸುತ್ತದೆ. ಇಂಧನ ಉಳಿಯಿತು. ಜೊತೆಗೆ, ಉದ್ದವಾಗುತ್ತಿರುವ ಸ್ನಾಯು ಗಿಡ್ಡವಾಗುತ್ತಿರುವ ಸ್ನಾಯುವಿಗಿಂತ ಜಾಸ್ತಿ ಬಲ ತಡೆಯಬಲ್ಲದು. ಹಾಗಾಗಿ ಅಷ್ಟೇ ಭಾರಕ್ಕೆ ಮಿದುಳು ಕಡಿಮೆ ಸ್ನಾಯು ಎಳೆಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಉಳಿತಾಯವೇನೋ ಹೌದು. ಆದರೆ ಕೆಲಸಕ್ಕೆ ಬಂದ ಆ ಸ್ವಲ್ಪ ಎಳೆಗಳ ಮೇಲೆ ಒಂದೊಂದರ ಪಾಲು ಜಾಸ್ತಿಯಾಯಿತಲ್ಲ? ಕೆಲವು ಸಾರ್ಕೋಮಿಯರ್‌ಗಳು ತಡೆಯಲಾರದೆ ಮಿತಿ ಮೀರಿ ಹಿಗ್ಗುತ್ತವೆ, ಸಣ್ಣ ಸಣ್ಣ ಗಾಯಗಳಾಗುತ್ತವೆ.

ಇಂಧನದ ಈ ಉಳಿತಾಯವನ್ನು ತೋರಿಸಿಕೊಟ್ಟ ಒಂದು ಪ್ರಯೋಗ ನನಗೆ ಬಹಳ ಇಷ್ಟ. 1952ರಲ್ಲಿ ಲಂಡನ್ನಿನಲ್ಲಿ ಅಬಟ್, ಬಿಗ್ಲೆಂಡ್, ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಇಟ್ಟು ಒಂದೇ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು. ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ಇಬ್ಬರ ಕಾಲಿಗೂ ಬೀಳುವ ಬಲ ಒಂದೇ. ತಡೆಯಲು ಕೂತಿದ್ದು ಸಣ್ಣ ಮೈಕಟ್ಟಿನ ಬ್ರೆಂಡಾ ಬಿಗ್ಲೆಂಡ್, ತುಳಿಯಲು ಕೂತಿದ್ದು ದಪ್ಪ ಆಳು ಮರ್ಡಾಕ್ ರಿಚಿ. ಸ್ವಲ್ಪ ಹೊತ್ತಿನಲ್ಲಿ ಆತ ಬೆವರಿ ಸುಸ್ತಾದ, ಆಕೆ ಆರಾಮಾಗಿದ್ದಳು. ರಾಯಲ್ ಸೊಸೈಟಿಯಲ್ಲಿ ಇದನ್ನು ಪ್ರದರ್ಶನಕ್ಕಿಟ್ಟಾಗ ನೆರೆದವರು ಬಿದ್ದು ಬಿದ್ದು ನಕ್ಕರಂತೆ. ಮಾರನೇ ದಿನ ಆಕೆಯ ತೊಡೆ ಹೇಗಿತ್ತು ಅಂತ ಯಾರೂ ಕೇಳಿದ ಹಾಗಿಲ್ಲ. ನಾನಾದರೆ ಅದನ್ನೇ ಮೊದಲು ಕೇಳುತ್ತಿದ್ದೆ.

ಯಾಕೆಂದರೆ ನೋವು ಬರುವುದು ಮಾರನೇ ದಿನ. ಗುಡ್ಡ ಇಳಿದ ದಿನ ಏನೂ ಅನ್ನಿಸುವುದಿಲ್ಲ. ಬೆಳಿಗ್ಗೆ ಎದ್ದು ಕಟ್ಟೆ ಇಳಿಯಲು ಹೋದರೆ ತೊಡೆ ಕೂಗುತ್ತದೆ. ಒಂದರಿಂದ ಮೂರು ದಿನ ಅದರದೇ ರಾಜ್ಯ. ಇದಕ್ಕೆ ನಮ್ಮಲ್ಲಿ ಎರಡು ವಿವರಣೆ ಚಾಲ್ತಿಯಲ್ಲಿವೆ. ಹಿರಿಯರದು, "ವಾಯು ಹಿಡಿದೈತಿ". ಜಿಮ್ಮಿಗೆ ಹೋಗುವ ಹುಡುಗರದು, "ಲ್ಯಾಕ್ಟಿಕ್ ಆಸಿಡ್ ಕೂತಿದೆ". ಎರಡನೆಯದು ಕೇಳಲು ವಿಜ್ಞಾನದ ಹಾಗಿದೆ ಅಷ್ಟೇ, ಸುಮ್ನೆ ನಂಬಬೇಡಿ. ದಣಿದಾಗ ಹೆಚ್ಚಾಗುವ ಲ್ಯಾಕ್ಟೇಟ್ ಒಂದು ತಾಸು ಸುಧಾರಿಸಿಕೊಳ್ಳುವುದರಲ್ಲಿ ರಕ್ತದಿಂದ ಖಾಲಿಯಾಗುತ್ತದೆ. ಅದೂ ಅಲ್ಲದೆ, ಲ್ಯಾಕ್ಟೇಟ್ ಜಾಸ್ತಿಯಾಗುವುದು ಏರುವಾಗ, ನೋವು ಜಾಸ್ತಿಯಾಗುವುದು ಇಳಿದ ಮೇಲೆ. ಅದೇ ಕಾರಣವಾಗಿದ್ದರೆ ಲೆಕ್ಕ ತಿರುಗಾಮುರುಗಾ ಇರಬೇಕಿತ್ತು, ಅಲ್ವಾ? ಸ್ನಾಯುವಿನೊಳಗೆ ಏನೋ ಹರಿದಿರಬೇಕು ಎಂದು ಥಿಯೋಡರ್ ಹಫ್ ಎಂಬ ಅಮೆರಿಕದ ವಿಜ್ಞಾನಿ 1902ರಲ್ಲೇ ಬರೆದಿದ್ದ. ನೂರಿಪ್ಪತ್ತು ವರ್ಷ ದಾಟಿದರೂ ಜಿಮ್ಮುಗಳಿಗೆ ಆ ಸುದ್ದಿ ಮುಟ್ಟಿಲ್ಲ.

ನೋವಿಗಿಂತ ನನಗೆ ಚಿಂತೆಯಾಗುವುದು ಬೇರೆ. ಗಾಯವಾದ ಸ್ನಾಯುವಿನ ಬಲ ನೋವು ಶುರುವಾಗುವ ಮೊದಲೇ, ಇಳಿಯುತ್ತಿರುವಾಗಲೇ ಇಳಿದಿರುತ್ತದೆ. ಕಾಲು ಎಲ್ಲಿದೆ, ಮಂಡಿ ಎಷ್ಟು ಬಾಗಿದೆ ಎಂಬ ಅಂದಾಜೂ ತಪ್ಪತೊಡಗುತ್ತದೆ. ಉಸಿರು ಸರಿಯಾಗಿರುವುದರಿಂದ ದಣಿದಿದ್ದೇನೆ ಅಂತ ಆ ಮನುಷ್ಯನಿಗೆ ಅನ್ನಿಸುವುದೇ ಇಲ್ಲ. ಎದೆ ಹೊಡೆದುಕೊಂಡರೆ ಯಾರಾದರೂ ನಿಲ್ಲುತ್ತಾರೆ. ತೊಡೆ ಸೋತರೆ ನಿಲ್ಲುವುದಿಲ್ಲ, ಬೀಳುತ್ತಾರೆ.

ಬಾದಾಮಿಯ ಉತ್ತರದ ಕೋಟೆಗುಡ್ಡಕ್ಕೆ ಅಪ್ಪನನ್ನು ಕರೆದುಕೊಂಡು ಹೋದಾಗ ಇದನ್ನು ಹತ್ತಿರದಿಂದ ನೋಡಿದೆ. ಕೆಂಪು ಬಂಡೆಗಳ ನಡುವಿನ ಇಕ್ಕಟ್ಟು ಹಾದಿ, ಮೆಟ್ಟಿಲು ಒಂದೊಂದು ಒಂದೊಂದು ಎತ್ತರ. ಮೇಲಿಂದ ಹೊರಟಾಗ ಅಪ್ಪನ ಚಪ್ಪಲಿ ಕಲ್ಲಿನ ಮೇಲೆ ಮೆಲ್ಲಗೆ, ಸವರಿದ ಹಾಗೆ ಕೂರುತ್ತಿತ್ತು. ಅರ್ಧ ಇಳಿಯುವಷ್ಟರಲ್ಲಿ ಸದ್ದು ಬದಲಾಯಿತು. ಬಲಗಾಲು ದಪ್, ದಪ್ ಎಂದು ಬೀಳತೊಡಗಿತು. ಮಂಡಿಯ ಮೇಲ್ಭಾಗದಲ್ಲಿ ಧೋತರ ಸಣ್ಣಗೆ ನಡುಗುತ್ತಿತ್ತು. ಕೈ ತನಗೆ ಗೊತ್ತಿಲ್ಲದೆ ಗೋಡೆ ಹುಡುಕುತ್ತಿತ್ತು. ಬಾಯಿ ಮಾತ್ರ ಪುಲಕೇಶಿಯ ಕಥೆ ಹೇಳುತ್ತಲೇ ಇತ್ತು, ಒಂದು ಚೂರೂ ತಡವರಿಸದೆ. ಕಥೆ ಕೇಳಿ ಹುಷಾರಾಗಿದ್ದಾರೆ ಅಂದುಕೊಂಡರೆ ಮೋಸ ಹೋದಂತೆ. ಕೇಳಬೇಕಾದ್ದು ಹೆಜ್ಜೆಯ ಸದ್ದು. ದಪ್ ಅಂದರೆ ಹಗ್ಗ ಜಾರುತ್ತಿದೆ, ಕೂರಿಸಬೇಕು.

ಮೆಟ್ಟಿಲಿನ ವಿಷಯ ಬಂತಲ್ಲ, ಅಲ್ಲೊಂದು ಮಾತು. ಶ್ರೀಶೈಲಕ್ಕೆ ಮೆಟ್ಟಿಲು ಹಾಕಿಸಿದ ಕೀರ್ತಿ 14ನೇ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮಾರೆಡ್ಡಿಯದು. ಅಹೋಬಲಕ್ಕೂ ಅವನೇ ಹಾಕಿಸಿದ. ಹತ್ತುವವರಿಗೆ ಅದು ದೊಡ್ಡ ಉಪಕಾರ. ಇಳಿಯುವವರ ದೃಷ್ಟಿಯಿಂದ ನೋಡಿದರೆ ಮಣ್ಣಿನ ಇಳಿಜಾರೇ ಎಷ್ಟೋ ವಾಸಿ. ಅಲ್ಲಿ ಹೆಜ್ಜೆ ಗಿಡ್ಡ ಮಾಡಬಹುದು, ಓರೆಯಾಗಿ ಇಳಿಯಬಹುದು. ಮೆಟ್ಟಿಲಿನಲ್ಲಿ ಎಷ್ಟು ಕೆಳಗೆ ಕಾಲಿಡಬೇಕೆಂದು ನಿರ್ಧರಿಸುವವನು ಕಲ್ಲುಕುಟಿಗ, ನೀವಲ್ಲ. ಆ ಹೊತ್ತಿನಲ್ಲಿ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ದೇಹದ ತೂಕದ ಸುಮಾರು ಮೂರು ಪಟ್ಟು. ವಿಜಯಪುರದವರಾದರೆ ಗೋಳಗುಮ್ಮಟದ ಮೂಲೆಯ ಗೋಪುರದ ಮೆಟ್ಟಿಲು ನೆನಪು ಮಾಡಿಕೊಳ್ಳಿ. ಪಿಸುಮಾತಿನ ಗ್ಯಾಲರಿಗೆ ಹತ್ತುವಾಗ ಎಲ್ಲರೂ ಗೊಣಗುತ್ತಾರೆ. ಇಳಿಯುವಾಗ ಅಜ್ಜ ಅಜ್ಜಿಯರು ಅಡ್ಡ ತಿರುಗಿ ಒಂದೊಂದೇ ಕಾಲಿಡುವುದನ್ನು ನೋಡಿರುತ್ತೀರಿ. ಅವರು ಸರಿಯಾಗೇ ಮಾಡುತ್ತಿರುತ್ತಾರೆ.

ಇನ್ನು ಒಳ್ಳೆಯ ಸುದ್ದಿ. ವಯಸ್ಸಾದಂತೆ ಎತ್ತುವ ಬಲ ಕುಗ್ಗಿದಷ್ಟು ಬೇಗ ತಡೆಯುವ ಬಲ ಕುಗ್ಗುವುದಿಲ್ಲ. ಮತ್ತೆ, ಒಂದು ಸಲ ಹದವಾಗಿ ಇಳಿದು ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅಂಥದ್ದೇ ಇಳಿತಕ್ಕೆ ಅಷ್ಟಾಗಿ ಗಾಯಗೊಳ್ಳುವುದಿಲ್ಲ. 1994ರಲ್ಲಿ ಲಿನ್ ಮತ್ತು ಮಾರ್ಗನ್ ಇಲಿಗಳನ್ನು ಎರಡು ಗುಂಪು ಮಾಡಿ, ಒಂದನ್ನು ಏರುಮುಖವಾಗಿ, ಇನ್ನೊಂದನ್ನು ಇಳಿಮುಖವಾಗಿ ಓಡಿಸಿದರು. ಇಳಿದ ಇಲಿಗಳ ತೊಡೆಯ ಎಳೆಗಳಲ್ಲಿ ಸಾರ್ಕೋಮಿಯರ್‌ಗಳ ಸಾಲು ಜಾಸ್ತಿ ಉದ್ದವಾಗಿತ್ತು. ಸಾಲು ಉದ್ದವಾದರೆ ಒಂದೊಂದರ ಪಾಲಿಗೆ ಬರುವ ಜಗ್ಗಾಟ ಕಡಿಮೆ. ಅಂದರೆ ಇಳಿಯುವುದನ್ನು ಇಳಿದೇ ಕಲಿಯಬೇಕು. ದಿನಾ ಬೆಳಿಗ್ಗೆ ನವನಗರದ ಸಪಾಟು ರಸ್ತೆಯಲ್ಲಿ ಎಷ್ಟು ಸುತ್ತು ಹಾಕಿದರೂ ತೊಡೆಗೆ ಈ ಪಾಠ ಸಿಗುವುದಿಲ್ಲ. ಈ ವಯಸ್ಸಲ್ಲಿ ಸ್ನಾಯು ಎಲ್ಲಿ ಬಲಿಯುತ್ತದೆ ಎಂಬ ರಾಗ ಎಳೆಯುವವರಿಗೆ 1990ರ ಒಂದು ಅಧ್ಯಯನ ಹೇಳುತ್ತೇನೆ: ಬೋಸ್ಟನ್ನಿನಲ್ಲಿ 86ರಿಂದ 96 ವರ್ಷದವರಿಗೆ ಎಂಟು ವಾರ ತೊಡೆಯ ವ್ಯಾಯಾಮ ಮಾಡಿಸಿದಾಗ ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ನಮ್ಮಪ್ಪ ಅವರ ಮುಂದೆ ಹುಡುಗ.

ಹಾಗಾಗಿ ನಮ್ಮ ತಯಾರಿ ಎಂದರೆ ಮೊದಲು ಮನೆಯ ಮೆಟ್ಟಿಲು, ಆಮೇಲೆ ಬಾದಾಮಿ, ಆಮೇಲೆ ಗುಡ್ಡ ದಾಟಿ ಮಹಾಕೂಟಕ್ಕೆ ಹೋಗುವ ಕಾಲುದಾರಿ. ಪ್ರತಿ ಸಲ ಇಳಿತ ಸ್ವಲ್ಪ ಜಾಸ್ತಿ, ನಡುವೆ ನೋವು ಪೂರ್ತಿ ಹೋಗುವವರೆಗೆ ಬಿಡುವು. ಕೊನೆಯ ದೊಡ್ಡ ಇಳಿತ ಹೊರಡುವ ಒಂದೆರಡು ವಾರ ಮುಂಚೆ. ಹಿಂದಿನ ದಿನ ಜೋರು ಮಾಡಿ ನೋಯುವ ಕಾಲಿನಲ್ಲಿ ಕಾಡು ಹೊಕ್ಕರೆ ಮಾಡಿದ್ದೆಲ್ಲ ವ್ಯರ್ಥ.

ಎದೆಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಹೊರಡುವ ಮೊದಲು ವೈದ್ಯರಿಗೆ ತೋರಿಸಲೇಬೇಕು, ಅದರಲ್ಲಿ ಚರ್ಚೆ ಇಲ್ಲ. 220ರಲ್ಲಿ ವಯಸ್ಸು ಕಳೆದರೆ ಹೃದಯಬಡಿತದ ಗರಿಷ್ಠ ಮಿತಿ ಎಂಬ ಸೂತ್ರ ಎಲ್ಲರ ವಾಚಿನಲ್ಲೂ ಕೂತಿದೆ. ಅಪ್ಪನಿಗೆ ಅದರ ಪ್ರಕಾರ 152. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಕೊಟ್ಟ ತಿದ್ದಿದ ಸೂತ್ರದಲ್ಲಿ ಸುಮಾರು 160. ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ನುಂಗುವವರಿಗೆ ಎರಡೂ ಉಪಯೋಗವಿಲ್ಲ, ಆ ಗುಳಿಗೆ ಬಡಿತವನ್ನೇ ತಗ್ಗಿಸುತ್ತದೆ. ಏರುವಾಗ ಮಲ್ಲಯ್ಯನ ಹಾಡು ಹೇಳಿಸಿ. ಹಾಡಲಾಗದೆ ಮಾತಾಡಲು ಆಗುತ್ತಿದ್ದರೆ ವೇಗ ಸರಿ ಇದೆ. ಮಾತೂ ತುಂಡಾಗುತ್ತಿದ್ದರೆ ನಿಲ್ಲಿಸಿ. ಎದೆ ಬಿಗಿದರೆ ಯಾತ್ರೆ ಅಲ್ಲಿಗೇ ಮುಗಿಯಿತು. ಹರಕೆಯಲ್ಲಿ ಕೊರತೆ ಆದದ್ದಕ್ಕೆ ಹೀಗಾಯಿತು ಎಂದು ಯಾರಾದರೂ ಅಂದರೆ ನಾಚಿಕೊಂಡು ಮುಂದೆ ನಡೆಯುವುದು ಬೇಡ.

ನೀರು ಮತ್ತು ಗುಳಿಗೆ, ಇವೆರಡನ್ನೂ ಒಟ್ಟಿಗೆ ನೋಡಬೇಕು. 1984ರ ಒಂದು ಪ್ರಯೋಗದಲ್ಲಿ 67ರಿಂದ 75 ವರ್ಷದ ಆರೋಗ್ಯವಂತ ಗಂಡಸರನ್ನೂ ತರುಣರನ್ನೂ 24 ತಾಸು ನೀರಿಲ್ಲದೆ ಇರಿಸಿದ್ದರು. ಹಿರಿಯರಿಗೆ ಬಾಯಾರಿಕೆಯೂ ಕಡಿಮೆ ಆಗಿತ್ತು, ಆಮೇಲೆ ಕುಡಿದ ನೀರೂ ಕಡಿಮೆ. ಹಾಗಾಗಿ "ನೀರಡಿಕೆ ಆಗಿಲ್ಲ ಬಿಡು" ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇನ್ನು ಹಾದಿಯುದ್ದಕ್ಕೂ ಸೇವೆ ಮಾಡುವವರು ಪ್ರಸಾದ, ಶರಬತ್ತಿನ ಜೊತೆ ನೋವಿನ ಗುಳಿಗೆಯನ್ನೂ ಕೈಗಿಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಟೆಲ್ಮಿಸಾರ್ಟನ್, ಎನಾಲಪ್ರಿಲ್‌ನಂಥ ಬಿಪಿ ಗುಳಿಗೆ, ಅದರ ಜೊತೆ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರು ಮೈಯಲ್ಲಿ ನೀರು ಕಡಿಮೆ ಇರುವಾಗ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಒಮ್ಮೆಲೇ ಪೆಟ್ಟು ಬೀಳಬಹುದು. ಅಪ್ಪನ ಗುಳಿಗೆ ಚೀಟಿ ನನ್ನ ಜೇಬಿನಲ್ಲೇ ಇರುತ್ತದೆ. ನೋವಿಗೆ ಏನು ಕೊಡಬಹುದು ಎಂದು ವೈದ್ಯರ ಹತ್ತಿರ ಮೊದಲೇ ಬರೆಸಿಕೊಳ್ಳುತ್ತೇನೆ.

ಉಳಿದದ್ದು ಕೋಲಿನ ಜಗಳ. ಕೋಲು ಮುದುಕರಿಗೆ ಎಂಬುದು ಅಪ್ಪನ ವಾದ. 1999ರಲ್ಲಿ ಶ್ವಾಮೇಡರ್ ಎಂಬುವವರು ಕಡಿದಾದ ಇಳಿಜಾರಿನಲ್ಲಿ ಅಳೆದು ನೋಡಿದಾಗ, ಎರಡು ಕೈಗೂ ಕೋಲು ಹಿಡಿದು ಇಳಿದರೆ ಮಂಡಿಯ ಮೇಲಿನ ಭಾರ 12ರಿಂದ 25 ಶೇಕಡಾ ಕಡಿಮೆಯಾಗಿತ್ತು. ಇದನ್ನು ಹೇಳಿದ ಮೇಲೆ, "ಹಂಗಾರ ಒಂದು ಇರಲಿ" ಎಂಬಲ್ಲಿಗೆ ಬಂದಿದ್ದಾರೆ. ಒಂದು ಸಾಲದು. ಮುಂದಿಡುವ ಕಾಲಿನ ಜೊತೆಗೇ ಎರಡೂ ಕೋಲು ಕೆಳಗಿನ ಮೆಟ್ಟಿಲಿಗೆ ಊರಬೇಕು. ಆಗಲೇ ಹಿಂದಿನ ಕಾಲಿನ ತೊಡೆ ಹಿಡಿದಿದ್ದ ಭಾರದಲ್ಲಿ ಸ್ವಲ್ಪ ಭುಜಕ್ಕೆ ವರ್ಗವಾಗುವುದು. ಒಂದೇ ಕೋಲಾದರೆ ಮೈ ಅತ್ತ ವಾಲುತ್ತದೆ. ಮುಂದಿನ ವಾರ ಮಹಾಕೂಟದ ಹಾದಿಗೆ ಎರಡು ಬಿದಿರು ಕೋಲು ತೆಗೆದುಕೊಂಡು ಹೋಗುತ್ತಿದ್ದೇನೆ, ಒಂದನ್ನು ನನ್ನದು ಎಂದು ಹೇಳಿ.