ಚಿಕಿತ್ಸೆ ಮುಗಿದ ಮೇಲೆ ಪಿಎಸ್‌ಎ: ರಿಪೋರ್ಟಿನ ಅಂಕಿಯನ್ನು ಓದುವ ಬಗೆ

ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೋ ವಿಕಿರಣ ಚಿಕಿತ್ಸೆಯೋ ಮುಗಿದ ಮೇಲೂ ಲ್ಯಾಬಿನ ನಂಟು ತಪ್ಪುವುದಿಲ್ಲ. ಮೊದಲ ಕೆಲವು ವರ್ಷ ಮೂರು ಅಥವಾ ಆರು ತಿಂಗಳಿಗೊಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ರಕ್ತದಲ್ಲಿ ಪಿಎಸ್‌ಎ ಎಂಬ ಪ್ರೋಟೀನು ಎಷ್ಟಿದೆ ಎಂದು ನೋಡಿಸಬೇಕಾಗುತ್ತದೆ. ವೀರ್ಯವನ್ನು ತೆಳುವಾಗಿಸಲು ಪ್ರಾಸ್ಟೇಟ್ ಗ್ರಂಥಿಯೇ ತಯಾರಿಸುವ ಕಿಣ್ವವಿದು. ಆರೋಗ್ಯವಂತ ಕೋಶವೂ ಇದನ್ನು ತಯಾರಿಸುತ್ತದೆ, ಕ್ಯಾನ್ಸರ್ ಕೋಶವೂ ತಯಾರಿಸುತ್ತದೆ. ಆದ್ದರಿಂದಲೇ ಕ್ಯಾನ್ಸರನ್ನು ಪತ್ತೆಹಚ್ಚುವ ಪರೀಕ್ಷೆಯಾಗಿ ಇದರ ಬಗೆಗಿನ ವಾದವಿವಾದ ಇನ್ನೂ ತಣ್ಣಗಾಗಿಲ್ಲ. ಚಿಕಿತ್ಸೆಯ ನಂತರದ ನಿಗಾ ವಿಷಯದಲ್ಲಿ ಅಂಥ ತಕರಾರಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1986ರಲ್ಲಿ ಈ ಪರೀಕ್ಷೆಗೆ ಮೊದಲು ಒಪ್ಪಿಗೆ ನೀಡಿದ್ದೇ ರೋಗ ಖಚಿತವಾಗಿದ್ದವರ ಮೇಲೆ ಕಣ್ಣಿಡುವುದಕ್ಕೆ. ಪತ್ತೆಯ ಕೆಲಸಕ್ಕೆ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ.

ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರ ರಕ್ತದಲ್ಲಿ ಉಳಿದಿರುವ ಪಿಎಸ್‌ಎ ಎರಡು ಮೂರು ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತಾ, ಒಂದೆರಡು ತಿಂಗಳಲ್ಲಿ ಅಳತೆಗೆ ಸಿಗದಷ್ಟು ಕಡಿಮೆಯಾಗಬೇಕು. ಎಡವಟ್ಟಾಗುವುದು ರಿಪೋರ್ಟನ್ನು ಮನೆಯಲ್ಲಿ ಓದುವಾಗ. ಫಲಿತಾಂಶದ ಪಕ್ಕದಲ್ಲಿ, ಸಾಮಾನ್ಯ ಪ್ರಮಾಣವೆಂದು, ಮಿಲಿಲೀಟರಿಗೆ 0ಯಿಂದ 4 ನ್ಯಾನೋಗ್ರಾಂ ಎಂದೇನೋ ಅಚ್ಚಾಗಿರುತ್ತದೆ. ಅದು ಗ್ರಂಥಿ ಇರುವವರ ಲೆಕ್ಕ. ಶಸ್ತ್ರಚಿಕಿತ್ಸೆಯಾದವರ ರಿಪೋರ್ಟಿನಲ್ಲಿ 0.8 ಬಂದರೆ ಯಂತ್ರ ಅದಕ್ಕೆ ಯಾವ ಗುರುತನ್ನೂ ಹಾಕುವುದಿಲ್ಲ, ಮನೆಯವರು ನಿಟ್ಟುಸಿರು ಬಿಡುತ್ತಾರೆ, ವೈದ್ಯರಾದರೋ 0.2 ದಾಟಿ, ಮರುಪರೀಕ್ಷೆಯಲ್ಲೂ ಅದೇ ಕಂಡಾಗಲೇ ರೋಗ ಮರುಕಳಿಸಿರಬಹುದೆಂದು ಎಚ್ಚರಗೊಳ್ಳುತ್ತಾರೆ.

ವಿಕಿರಣ ಚಿಕಿತ್ಸೆ ಪಡೆದವರ ಲೆಕ್ಕವೇ ಬೇರೆ. ಅವರಲ್ಲಿ ಗ್ರಂಥಿ ಒಳಗೇ ಉಳಿದಿರುವುದರಿಂದ ಪಿಎಸ್‌ಎ ಸೊನ್ನೆಗೆ ಇಳಿಯಲೇಬೇಕೆಂದಿಲ್ಲ, ಇಳಿಯುವುದೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಿಧಾನವಾಗಿ. ತಲುಪಿದ ಅತಿ ಕಡಿಮೆ ಅಂಕಿಗಿಂತ 2 ನ್ಯಾನೋಗ್ರಾಂ ಮೇಲೇರಿದರೆ ಮಾತ್ರ ಮರುಕಳಿಕೆ ಎಂದು ಎಣಿಸುವುದು ರೂಢಿ. ನಡುವೆ, ಒಂದೆರಡು ವರ್ಷದ ಆಸುಪಾಸಿನಲ್ಲಿ, ಅಂಕಿ ತುಸು ಜಿಗಿದು ತಾನಾಗಿಯೇ ಇಳಿಯುವುದುಂಟು. ಇದು ತಿಳಿಯದೆ ಆ ಕೆಲವು ತಿಂಗಳು ನಿದ್ದೆಗೆಟ್ಟವರು ಬಹಳ. ಜೊತೆಗೆ ಪುರುಷ ಹಾರ್ಮೋನನ್ನು ತಗ್ಗಿಸುವ ಹಾರ್ಮೋನು ಚಿಕಿತ್ಸೆಯ ಇಂಜೆಕ್ಷನ್ನೂ ನಡೆಯುತ್ತಿದ್ದರೆ ಪಿಎಸ್‌ಎ ಅದರಿಂದಲೇ ಕುಗ್ಗಿರುತ್ತದೆ, ಹಾಗಾಗಿ ವಿಕಿರಣದ ಪಾಲೆಷ್ಟು ಎಂಬುದು ಇಂಜೆಕ್ಷನ್ ನಿಂತ ಮೇಲಷ್ಟೇ ಸ್ಪಷ್ಟವಾಗುತ್ತದೆ.

ಹೀಗಿರುವಾಗ ಒಂಟಿ ಅಂಕಿಗಿಂತ ಅಂಕಿಗಳ ಸಾಲು ಮುಖ್ಯ. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ರಕ್ತಕ್ಕೆ ಕೊಂಚ ಬೇರೆ ಅಂಕಿ ಕೊಡಬಲ್ಲವಾದ್ದರಿಂದ, ರಿಯಾಯಿತಿ ಸಿಕ್ಕಿತೆಂದು ಪ್ರತಿ ಸಲವೂ ಲ್ಯಾಬು ಬದಲಿಸುವುದು ಸಣ್ಣ ಏರಿಳಿತದ ಅರ್ಥವನ್ನೇ ಕೆಡಿಸುತ್ತದೆ. ಈ ಪರೀಕ್ಷೆಗೆ ಬರಿಹೊಟ್ಟೆ ಬೇಕಿಲ್ಲ. ಆದರೆ ಕೂದಲು, ಉಗುರಿಗೆಂದು ನುಂಗುವ ಮಾತ್ರೆಯಲ್ಲಿನ ಹೆಚ್ಚು ಪ್ರಮಾಣದ ಬಯೋಟಿನ್ ಎಂಬ ಬಿ ವಿಟಮಿನ್, ಕೆಲವು ಯಂತ್ರಗಳಲ್ಲಿ ಪಿಎಸ್‌ಎಯನ್ನು ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು. ಬಯೋಟಿನ್ನಿನಿಂದ ರಕ್ತಪರೀಕ್ಷೆಗಳು ಹಾದಿ ತಪ್ಪಬಹುದೆಂದು ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು; ಮಾತ್ರೆಯ ವಿಷಯ ಕೇಳುವವರು ನಮ್ಮಲ್ಲಿ ಕಡಿಮೆ, ರೋಗಿಯೇ ಹೇಳಬೇಕು.

ಅಂಕಿ ಏರಿತೆಂದರೆ ನಾಳೆಯೇ ಅನಾಹುತ ಎಂದಲ್ಲ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ತಜ್ಞರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯ ನಂತರ ಪಿಎಸ್‌ಎ ಏರಿದವರಲ್ಲಿ, ಆ ಏರಿಕೆಯಿಂದ ರೋಗ ಬೇರೆಡೆಗೆ ಹರಡಿದ್ದು ಕಂಡುಬರುವವರೆಗಿನ ಮಧ್ಯಮ ಅವಧಿ (ಅರ್ಧದಷ್ಟು ಜನರಿಗೆ ಇದಕ್ಕಿಂತ ಹೆಚ್ಚು) 8 ವರ್ಷವಿತ್ತು. ಅಲ್ಲಿಯವರೆಗೆ ಅವರಿಗೆ ಹಾರ್ಮೋನು ಚಿಕಿತ್ಸೆಯನ್ನೂ ಕೊಟ್ಟಿರಲಿಲ್ಲ. ವೈದ್ಯರು ಅಂಕಿಯ ಜೊತೆಗೆ ಅದು ಎಷ್ಟು ಕಾಲದಲ್ಲಿ ಇಮ್ಮಡಿಯಾಯಿತು ಎಂದು ಲೆಕ್ಕ ಹಾಕುವುದು ಇದಕ್ಕಾಗಿಯೇ. 0.1 ಇದ್ದದ್ದು ಮೂರು ತಿಂಗಳಲ್ಲಿ 0.2 ಆದವರಿಗೆ ಸ್ಕ್ಯಾನು, ವಿಕಿರಣ ಚಿಕಿತ್ಸೆಗಳ ಮಾತು ಬೇಗನೆ ಬರುತ್ತದೆ, ಏಕೆಂದರೆ ಶಸ್ತ್ರಚಿಕಿತ್ಸೆಯ ನಂತರದ ವಿಕಿರಣ ಪಿಎಸ್‌ಎ ಇನ್ನೂ 0.5ರ ಒಳಗಿರುವಾಗ ಹೆಚ್ಚು ಫಲ ಕೊಡುತ್ತದೆ. ಅಷ್ಟೇ ಏರಿಕೆಗೆ ಎರಡು ವರ್ಷ ಹಿಡಿದಿದ್ದರೆ, ವಯಸ್ಸು ಮತ್ತು ಮೊದಲ ಬಯಾಪ್ಸಿಯ ವಿವರಗಳನ್ನು ನೋಡಿ, ಮುಂದಿನ ರಕ್ತಪರೀಕ್ಷೆಯ ತಾರೀಕನ್ನಷ್ಟೇ ಬರೆದುಕೊಟ್ಟು ಕಳುಹಿಸುವುದೂ ಉಂಟು.