ಮಕ್ಕಳ ಅಸ್ತಮಾ: ಡೋಸ್ ಏರಿಸುವ ಮೊದಲು ಒಂದು ಲೆಕ್ಕ

ಅಸ್ತಮಾ ಹತೋಟಿಗೆ ಬಾರದ ಮಗುವಿಗೆ ಇನ್ನೂ ಹೆಚ್ಚಿನ ಡೋಸ್ ಬರೆಯುವ ಮೊದಲು, ಈಗಾಗಲೇ ಕೊಟ್ಟಿರುವ, ದಿನಾ ಬಳಸುವ ಸ್ಟಿರಾಯ್ಡ್ ಇನ್ಹೇಲರಿನ ಔಷಧವು ನಿಜಕ್ಕೂ ಶ್ವಾಸನಾಳ ತಲುಪುತ್ತಿದೆಯೇ ಎಂಬುದನ್ನು ವೈದ್ಯರು ಅಳೆಯಬೇಕು. “ದಿನಾ ಹಾಕ್ತಿದ್ದೀರಾ?” ಎಂದು ಕೇಳಿದರೆ “ಹೌದು ಡಾಕ್ಟ್ರೇ” ಎಂಬ ಉತ್ತರವೇ ಬರುತ್ತದೆ. ಆ ಪ್ರಶ್ನೆಯಲ್ಲಿ ಬೇರೆ ಉತ್ತರಕ್ಕೆ ಜಾಗವೇ ಇಲ್ಲ. ಬದಲಿಗೆ, “ಶಾಲೆಯ ಗಡಿಬಿಡಿಯಲ್ಲಿ ಬೆಳಗಿನದು ತಪ್ಪುವುದುಂಟು, ಕಳೆದ ವಾರ ಎಷ್ಟು ಸಲ ತಪ್ಪಿರಬಹುದು?” ಎಂದು ಕೇಳಿದಾಗ ಪೋಷಕರು ಸಂಕೋಚವಿಲ್ಲದೆ ಹೇಳುತ್ತಾರೆ. ಆದರೂ ಬಾಯಿಮಾತಿನ ಲೆಕ್ಕ ವಾಸ್ತವಕ್ಕಿಂತ ಹೆಚ್ಚೇ ಇರುತ್ತದೆಂಬುದನ್ನು, ಒತ್ತಿದ ದಿನಾಂಕ ಮತ್ತು ಸಮಯವನ್ನು ದಾಖಲಿಸುವ ಎಲೆಕ್ಟ್ರಾನಿಕ್ ಇನ್ಹೇಲರ್‌ಗಳು ತೋರಿಸಿಕೊಟ್ಟಿವೆ.

ಅಂಥ ಉಪಕರಣ ಎಲ್ಲರಿಗೂ ಎಟುಕುವುದಿಲ್ಲ. ಸರಳ ಗಣಿತ ಎಟುಕುತ್ತದೆ. 200 ಪಫ್‌ಗಳ ಇನ್ಹೇಲರನ್ನು ಬೆಳಿಗ್ಗೆ ಎರಡು, ರಾತ್ರಿ ಎರಡರಂತೆ ಬಳಸಿದರೆ ಅದು 50 ದಿನಕ್ಕೆ ಮುಗಿಯಬೇಕು. ಮೂರು ತಿಂಗಳ ನಂತರವೂ ಅದೇ ಇನ್ಹೇಲರ್ ನಡೆಯುತ್ತಿದ್ದರೆ ಮಗುವಿಗೆ ಔಷಧ ಸಿಕ್ಕಿರುವುದು ಹೆಚ್ಚೆಂದರೆ ಅರ್ಧಕ್ಕಿಂತ ತುಸು ಹೆಚ್ಚು. ಆದ್ದರಿಂದ ಪ್ರತಿ ಭೇಟಿಗೂ ಇನ್ಹೇಲರ್ ಮತ್ತು ಸ್ಪೇಸರ್ (ಇನ್ಹೇಲರಿಗೆ ಜೋಡಿಸಿ ಉಸಿರೆಳೆಯುವ ಕೊಳವೆ) ಎರಡನ್ನೂ ತರಲು ಹೇಳುತ್ತೇನೆ. ಡೋಸ್ ಕೌಂಟರ್ ಇಲ್ಲದ ಇನ್ಹೇಲರನ್ನು ಅಲುಗಾಡಿಸಿ ನೋಡುವುದು ಅಥವಾ ನೀರಿನಲ್ಲಿ ತೇಲಿಸುವುದು ವ್ಯರ್ಥ, ಏಕೆಂದರೆ ಔಷಧ ಮುಗಿದ ಮೇಲೂ ಅನಿಲ ಹೊರಬರುತ್ತಿರುತ್ತದೆ. ಕೌಂಟರ್ ಕೂಡ ಒತ್ತಿದ್ದನ್ನು ಎಣಿಸುತ್ತದೆಯೇ ಹೊರತು ಉಸಿರಿನೊಳಗೆ ಹೋದದ್ದನ್ನಲ್ಲ. ಭೇಟಿಯ ಹಿಂದಿನ ದಿನ ಗಾಳಿಗೆ ಒತ್ತಿ ಲೆಕ್ಕ ಸರಿಹೊಂದಿಸುವ ಜಾಣ ಹದಿಹರೆಯದವರೂ ಇದ್ದಾರೆ.

ಹಾಗಾಗಿ ಮಗು ನನ್ನೆದುರೇ ಇನ್ಹೇಲರ್ ಬಳಸಿ ತೋರಿಸಬೇಕು. ಅಲುಗಾಡಿಸದೆ ಒತ್ತುವುದು, ಸ್ಪೇಸರಿಗೆ ಎರಡು ಪಫ್ ಒಟ್ಟಿಗೆ ಬಿಡುವುದು, ಸ್ಪೇಸರಿನ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರದಿರುವುದು ಆಗ ಕಣ್ಣಿಗೆ ಬೀಳುತ್ತವೆ. ಒಂದೂ ದಿನ ತಪ್ಪಿಸದೆಯೇ ಔಷಧ ಕಳೆದುಕೊಳ್ಳುತ್ತಿರುವ ಮಕ್ಕಳು ಇವರು.

ತಪ್ಪಿಸುವವರ ಕಾರಣಗಳು ಒಂದೇ ಬಗೆಯವಲ್ಲ. “ಇನ್ಹೇಲರ್ ಅಭ್ಯಾಸವಾಗಿಬಿಡುತ್ತದೆ” ಎಂಬ ಅಜ್ಜಿಯ ಭಯ, ಕೆಮ್ಮು ನಿಂತೊಡನೆ ಔಷಧವನ್ನೂ ನಿಲ್ಲಿಸುವ ರೂಢಿ, ಖರ್ಚು, ಗೆಳೆಯರೆದುರಿನ ನಾಚಿಕೆ, ಇವುಗಳಿಗೆ ಬೇರೆಬೇರೆ ಪರಿಹಾರ ಬೇಕು. ಹದಿಹರೆಯದವರೊಡನೆ ಕೆಲವು ನಿಮಿಷ ಒಂಟಿಯಾಗಿ ಮಾತನಾಡದೆ ಕೊನೆಯ ಕಾರಣ ಹೊರಬರುವುದೇ ಇಲ್ಲ. ಬರಿಯ ಮರೆವಾದರೆ, ಇನ್ಹೇಲರನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿಡಲು ಹೇಳುತ್ತೇನೆ: ಸ್ಟಿರಾಯ್ಡ್ ಪಫ್‌ನ ನಂತರ ಹೇಗೂ ಬಾಯಿ ಮುಕ್ಕಳಿಸಲೇಬೇಕು.